ಐದನೇ ಸಪ್ಪಳ

ಕಪ್ಪತಗುಡ್ಡದ ನೆತ್ತಿಮ್ಯಾಲ ನಮ್ಮ ತಾಂಡಾ,
ಹದಿನಾಕು ಮನಿ, ಒಂದು ಮುಚ್ಚಿದ ಬಂಗಾರದ ಗಣಿ.
ಸಂಜಿ ಆತಂದ್ರ ಥಾವರೆಪ್ಪ ಕಾಕಾ
ಅದರ ಕಡೆ ಕಿವಿ ಮಾಡಿ ಕುಂದರತಾನ.

ಆ ದಿನ ಬತ್ತಿ ಹಚ್ಚಿದ್ದು ಐದು,
ಕೇಳಿದ್ದು ನಾಕು.
ಎರಡು ಕೂಡೇ ಹಾರಿರಬೇಕು, ಇಳೀರಿ ಅಂದ ಮೇಸ್ತ್ರಿ.
ಇವನೊಬ್ಬ ಇಳೀಲಿಲ್ಲ.
ದಿನದ ಪಗಾರ ಹೋತು, ಪುಕ್ಕಲ ಅಂತ ಹೆಸರು ಬಂತು.
ಮುಂದ ಏನೂ ಆಗಲಿಲ್ಲ.
ಇಳಿದವರು ಹೊಳ್ಳಿ ಬಂದು ಬೀಡಿ ಸೇದಿದರು,
ಬ್ಯಾಸಗಿಗೆ ಗಣೀನ ಮುಚ್ಚಿತು.

ಈಗ ಮುಂಡರಗಿ ಕಡೆಯಿಂದ ಜೀಪು ಬಂದೈತಿ.
ಹುಡುಗರು ಗುಡ್ಡಕ್ಕ ಕೊಳವಿ ಇಳಿಸಿ
ಕಲ್ಲಿನ ತುಂಡು ತಗೀತಾರ,
ಸೌತಿಕಾಯಿಗತೆ ಡಬ್ಬ್ಯಾಗ ಹೊಂದಿಸಿ ನಂಬರ್ ಬರೀತಾರ.

ಕಾಕಾ ಕೋಲೂರಿ ಹೋಗಿ
ಲಂಬಾಣ್ಯಾಗ ಏನೋ ಅಂದ.
ಅವರಿಗೆ ತಿಳೀಲಿಲ್ಲ; ಚಾ ಕೊಟ್ಟರು.
ಕನ್ನಡದಾಗ ಹೇಳು ಅಂದೆ ನಾನು.
ಆ ಎಣಿಕಿ ಕನ್ನಡದಾಗ ಆಗಿಲ್ಲ ಅಂದ.
ಐದು ಬಟ್ಟು ಎತ್ತಿದ,
ಹೆಬ್ಬಟ್ಟು ಮಡಚಿದ,
ಮತ್ತ ಬಿಚ್ಚಿದ, ಮತ್ತ ಮಡಚಿದ.

ಟಾಟಾ ಮಾಡ್ಯಾನಂತ ತಿಳಿದು
ಜೀಪಿನ ಹುಡುಗ ತಾನೂ ಕೈ ಬೀಸಿದ.
ಮಶೀನು ಚಾಲೂ ಆತು.
ಎಲ್ಲಾರೂ ಕಿವಿ ಮುಚ್ಚಿಕೊಂಡಿವಿ,
ಕಾಕಾ ಒಬ್ಬನ್ನ ಬಿಟ್ಟು.