ಉಗುರುಬಣ್ಣದ ಗೆರೆ

ಫೆಬ್ರವರಿ ಅಂದರೆ ವರ್ಮಾಂಟಿನ ನಮ್ಮ ತಪಾಸಣೆ ಕೋಣೆಗೆ
ಅಂಚೆಯಲ್ಲಿ ಗಾಜಿನ ಕೊಳವೆಗಳು ಬರುವ ಕಾಲ.
ಮೇಪಲ್ ಮರಗಳಿಗೆ ಇನ್ನೂ ತೂತು ಕೊರೆದಿಲ್ಲ.
ಹೊರಗೆ ಮೊಣಕಾಲುದ್ದ ಹಿಮ,
ಒಳಗೆ ನಾನು, ಒಂದು ಉಷ್ಣಮಾಪಕ, ಎತ್ತರದ ಎರಡು ಜಾಡಿ.

ಇದು ಬಂದದ್ದು ಕಾಲುಚೀಲದೊಳಗೆ,
ಗಂಡಸರ ಬೂದು ಉಣ್ಣೆಯದು, ಹಿಮ್ಮಡಿಗೆ ತೇಪೆ.
ಜೊತೆಗೊಂದು ಚೀಟಿ:
ಆರ್ಮಾಂಡ್ ಲಾಫ್ಲಾಮನದು. ನವೆಂಬರಿನಲ್ಲಿ ಹೋದ.
ಈ ಸಲ ಪಾಕ ಇಳಿಸುವವಳು ನಾನು.
ನೋರೀನ್, ಕ್ರಾಫ್ಟ್ಸ್‌ಬರಿ.

ಹೈಡ್ರೋಮೀಟರಿನಲ್ಲಿ ಗುಟ್ಟೇನೂ ಇಲ್ಲ.
ಹೊಟ್ಟೆ ದಪ್ಪ, ಕತ್ತು ಸಣ್ಣ, ಬುಡದಲ್ಲಿ ಸೀಸದ ಗುಂಡು;
ಆ ಗುಂಡಿಲ್ಲದಿದ್ದರೆ ಹಬ್ಬದೂಟ ಉಂಡವನ ಹಾಗೆ
ಅಡ್ಡ ಮಲಗಿಬಿಡುತ್ತದೆ.
ಇಳಿದು, ತನಗೆ ಬೇಕಾದ ಜಾಗದಿಂದ ದ್ರವವನ್ನು ತಳ್ಳುತ್ತದೆ,
ತಳ್ಳಿದ್ದರ ತೂಕ ತನ್ನ ತೂಕಕ್ಕೆ ಸಮವಾದ ಕೂಡಲೆ
ಸಾಕು ಅನ್ನುತ್ತದೆ.
ನೀರು ತೆಳು: ಹೆಚ್ಚು ತಳ್ಳಬೇಕು, ಕತ್ತಿನವರೆಗೂ ಮುಳುಗಬೇಕು.
ಪಾಕ ಗಟ್ಟಿ: ಸ್ವಲ್ಪವೇ ಸಾಕು, ಎದೆ ಎತ್ತಿ ನಿಲ್ಲುತ್ತದೆ.
ಕತ್ತಿನೊಳಗೆ ಸುರುಳಿ ಸುತ್ತಿದ ಕಾಗದ, ಅದರಲ್ಲಿ ಅಂಕಿ,
ಮೇಲೆ ಕಡಿಮೆ, ಕೆಳಗೆ ಹೆಚ್ಚು,
ಹೊಸಬರಿಗೆ ತಲೆಕೆಳಗು.

ನಮ್ಮ ಕಡೆ ಈ ಕೆಲಸ ಎರಡು ಬೆರಳಿನದು:
ಒಂದೆಳೆ ಪಾಕ, ಎರಡೆಳೆ ಪಾಕ,
ಜಾಮೂನಿಗೊಂದು, ಉಂಡೆಗೊಂದು.
ಸುಟ್ಟುಕೊಂಡವರೇ ಬಲ್ಲವರು.
ಇಲ್ಲಿ ಕಾನೂನು ಬಲ್ಲದು. ಕಾನೂನಿಗೆ ಬೆರಳಿಲ್ಲ,
ಅದಕ್ಕೇ ನನಗೆ ಸಂಬಳ.

ತೇಲಿಸುವ ಮೊದಲು ಗಾಜನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು.
ಹಳೆಯ ಜಿಡ್ಡು ಸಾಸಿವೆಯಷ್ಟು ತೂಗಿದರೂ ಸುಳ್ಳು,
ಗುಳ್ಳೆಯೊಂದು ಅಂಟಿದರೂ ಸುಳ್ಳು.
ಬುಡದಿಂದ ಒರೆಸುತ್ತ ಬಂದೆ. ಕತ್ತಿನ ಹತ್ತಿರ
ಬಟ್ಟೆ ಗುಲಾಬಿಯಾಯಿತು.
ಕೈ ನಿಂತಿತು.

ಗಾಜಿನ ಹೊರಮೈಗೆ ಕೂದಲೆಳೆಯಂಥ ಗೆರೆ, ಉಗುರುಬಣ್ಣ,
ಒಳಗೆ ಕಾಗದದಲ್ಲಿ ಅಚ್ಚಾದ ಕೆಂಪು ಗೆರೆಗಿಂತ
ಅರ್ಧ ಅಕ್ಕಿಕಾಳು ಮೇಲೆ.

ಫೋನು ಮಾಡಿದೆ.
"ಬಣ್ಣ ನನ್ನದು, ಕೈ ಅವನದು," ಅಂದಳು.
"ಮೂರು ವರ್ಷದ ಹಿಂದೆ ಸೀಸೆಗಳ ತಳದಲ್ಲೆಲ್ಲ ಹರಳು ಕಟ್ಟಿತು,
ಕಲ್ಲುಸಕ್ಕರೆಯ ಥರ. ಗಿರಾಕಿಗಳಿಗೆ ಖುಷಿ,
ಇವನಿಗೆ ನಿದ್ದೆ ಇಲ್ಲ. ಅಷ್ಟು ಕುದಿಸಿ ಸೌದೆ ದಂಡ, ರಸ ದಂಡ.
ಕೊನೆಗೆ ಪಕ್ಕದ ಟೆಟ್ರೋಗಳ ಕೊಳವೆ ಎರವಲು ತಂದು
ಒಂದೇ ಪಾಕದಲ್ಲಿ ಒಂದಾದ ಮೇಲೊಂದು ತೇಲಿಸಿ ನೋಡಿದ.
ನನ್ನ ಡ್ರಾಯರಿನಿಂದ ಕುಪ್ಪಿ ಕದ್ದ.
ಮದುವೆಗಳಿಗೆ ಹಚ್ಚುತ್ತಿದ್ದ ಬಣ್ಣ ಅದು.
ಯಾಕೆ, ಕೆಟ್ಟಿದೆಯಾ?"

ನೋಡಿ ಹೇಳುತ್ತೇನೆ ಅಂದೆ.

ಕೆಂಪು ಗೆರೆಗೆ ತಕ್ಕ ಸಾಂದ್ರತೆಯ ದ್ರವಕ್ಕೆ ಇಳಿಸಿದೆ.
ತೂಗಿತು, ತೂಗಿತು, ನಿಂತಿತು.
ಬಗ್ಗಿ ಕಣ್ಣನ್ನು ದ್ರವದ ಮಟ್ಟಕ್ಕೆ ತಂದೆ.
ಗಾಜು ಹಿಡಿದು ಮೇಲೆ ಹತ್ತುವ ಅಂಚನ್ನಲ್ಲ,
ಆಚೆ ಚಪ್ಪಟೆಯಾಗಿ ಸುಮ್ಮನಿರುವುದನ್ನು ಓದಬೇಕು.
ಕಾಗದ ಅಂದಿತು: ಇನ್ನೂ ತೆಳು, ಕುದಿಸು.
ಉಗುರುಬಣ್ಣ ಅಂದಿತು: ಆಯಿತು, ಇಳಿಸು.

ಉಗುರುಬಣ್ಣವೇ ಸರಿ.
ಅಂಟು ಬಿಟ್ಟು ಕಾಗದ ಕೆಳಗೆ ಜಾರಿತ್ತು, ಅಷ್ಟೆ.
ಕೊಳವೆ ಒಂದು ದಿನವೂ ತಪ್ಪಾಗಿ ತೇಲಿರಲಿಲ್ಲ.

ಫಾರಮ್ಮಿನಲ್ಲಿ ಎರಡೇ ಚೌಕ: ಸರಿ, ಸರಿಯಿಲ್ಲ.
ಎರಡನೆಯದಕ್ಕೆ ಗುರುತು ಹಾಕಿ ಮುದ್ರೆ ಒತ್ತಿದೆ.
ಹೊಸದು ಕೊಳ್ಳಿ, ಹಿಮ ಕರಗುವ ಮೊದಲೇ, ಎಂದು ಬರೆದೆ.
ಹಳೆಯದನ್ನು ಒಡೆದುಹಾಕು ಅನ್ನುತ್ತಾನೆ ನನ್ನ ಮೇಲಧಿಕಾರಿ,
ಹಾಗೆಂದು ಎಲ್ಲೂ ಬರೆದಿಲ್ಲ.
ಮತ್ತೆ ಕಾಲುಚೀಲದೊಳಗೆ ಇಳಿಬಿಟ್ಟೆ, ಬುಡ ಮೊದಲಾಗಿ.

ಗೆರೆಯ ಒಂದು ತುದಿ ನನ್ನ ಬಟ್ಟೆಯಲ್ಲಿ ಹೋಗಿದೆ.
ಅದನ್ನೂ ಚೀಟಿಗೆ ಸೇರಿಸಲೋ ಬೇಡವೋ ಎಂದು
ಅಂಚೆ ವ್ಯಾನು ಬರುವವರೆಗೂ
ಪೆನ್ನು ಹಿಡಿದು ಕೂತಿದ್ದೆ.