ಸಾಲಿನ ಕೊನೆಯ ಕೆಮ್ಮು

ಮೈಸೂರಿನಲ್ಲಿ ಮೂರು ದಿನ ನಾಯಕತ್ವದ ತರಬೇತಿ.
ಫೈಲು ಕೊಟ್ಟರು, ಹೆಸರಿನ ಬಿಲ್ಲೆ, ನೀಲಿ ಪೆನ್ನು,
ಮಧ್ಯಾಹ್ನ ಬಿಸಿಬೇಳೆಬಾತು.
ಚಾರ್ಟಿನ ಮೇಲೆ ಮರ ಬರೆದು
ಬೇರೆಂದರೆ ಮೌಲ್ಯ, ಹಣ್ಣೆಂದರೆ ಫಲಿತಾಂಶ ಎಂದೆವು.
ಅರಿವಳಿಕೆಯ ಪ್ರೊಫೆಸರು ತಾವೇ ನಿದ್ದೆಹೋದರು.

ಸೋಮವಾರ ಮಂಡ್ಯ. ಬೆಳಗಿನ ರೌಂಡ್ಸು.
ಫ್ಯಾಕ್ಟರಿ ಕಡೆಯಿಂದ ಕಾಕಂಬಿ ವಾಸನೆ,
ಫಿನಾಯಿಲು ಅದಕ್ಕೆ ಸೋತಿತ್ತು.
ಮುಂದೆ ನಾನು, ಯೂನಿಟ್ ಚೀಫು, ಬಂದು ನಲವತ್ತು ದಿನ;
ಹಿಂದೆ ಪದವಿಯ ಕ್ರಮದಲ್ಲಿ ಬಿಳಿ ಕೋಟು,
ಅಸೋಸಿಯೇಟು, ಅಸಿಸ್ಟೆಂಟು, ಪೀಜಿಗಳು,
ಬಾಗಿಲಲ್ಲೇ ಉಳಿದುಹೋದ ಹೌಸ್ ಸರ್ಜನ್ನು.

ಹದಿನೇಳನೇ ಹಾಸಿಗೆ. ಕೆಂಪಮ್ಮ. ಊದಿದ ಎಡಗಾಲು.
'ಹೆಪಾರಿನ್ ಶುರುಮಾಡಿ' ಅಂದೆ, ಬರೆದೆ.

ಸಾಲಿನ ಕೊನೆಯಲ್ಲೊಂದು ಕೆಮ್ಮು.

ಕ್ಷಯದ್ದಲ್ಲ. ಕಿವಿಗೊಟ್ಟರೆ ಗೊತ್ತಾಗುತ್ತದೆ:
ಮಾತಾಗಲು ಹೊರಟು
ಗಂಟಲಲ್ಲೇ ಮನಸ್ಸು ಬದಲಿಸಿದ್ದು.
ಸಿಸ್ಟರ್ ಜವರಮ್ಮ ಗೋಡೆ ಗಡಿಯಾರ ನೋಡಿದರು.
ಹದಿನೆಂಟಕ್ಕೆ ಕಾಲೆತ್ತಿದ್ದೆ.

ಈ ಕೆಮ್ಮು ನನಗೆ ಗೊತ್ತು.
ಇಪ್ಪತ್ತೆರಡು ವರ್ಷದ ಹಿಂದೆ ನಾನೇ ಕೆಮ್ಮಿದ್ದೆ
ಗುರುಗಳ ಬೆನ್ನಿಗೆ.
ಇಸ್ತ್ರಿಯ ಗೆರೆ ಮುರಿಯದ ಬೆನ್ನು, ತಿರುಗಲಿಲ್ಲ.
ಒಂಬತ್ತನೇ ಹಾಸಿಗೆಯವನು... ಬೇಡ.
ಒಳ್ಳೆಯ ವೈದ್ಯರೇ ಅವರು. ಕೈಗುಣ ಅಂದರೆ ಅವರದು.
ಅವರಿಂದಲೇ ಕಲಿತೆ ಎದೆಬಡಿತ ಕೇಳುವುದನ್ನು,
ಮಿಕ್ಕದ್ದನ್ನು ಕೇಳದಿರುವುದನ್ನೂ.

ತಿರುಗಿದೆ. 'ಯಾರು?'
ಸಾಲು ಸರಿದು ದಾರಿಬಿಟ್ಟಿತು, ಕಳ್ಳನಿಗೆ ಬಿಡುವಂತೆ.
'ಮೇಡಂ... ರಾತ್ರಿ ಎರಡು ಸಲ ಕಪ್ಪಗೆ ಹೋಯ್ತಂತೆ. ಟಾರಿನಂಗೆ.
ಡಾಕ್ಟ್ರಮ್ಮಂಗೆ ಹೇಳ್ಬೇಡ ಕನಪ್ಪ, ನಾಚ್ಕೆ, ಅಂದ್ರು.'

ಯಾರೂ ಉಸಿರಾಡಲಿಲ್ಲ. ನನ್ನ ಕಿವಿ ಬಿಸಿಯಾಯಿತು.
ಗದರುವ ವಾಕ್ಯವೊಂದು ನಾಲಿಗೆಯ ತುದಿಗೇ ಬಂದಿತ್ತು,
ಗುರುಗಳದೇ ವಾಕ್ಯ, ಅವರದೇ ರಾಗ.
ನುಂಗಿದೆ. ಕಹಿ.

ಬರೆದದ್ದನ್ನು ಹೊಡೆದುಹಾಕಲು ಹೋದರೆ
ತರಬೇತಿಯ ನೀಲಿ ಪೆನ್ನು ಮೂಡಲಿಲ್ಲ.
'ನಿಮ್ಮದು ಕೊಡಿ. ಹೆಸರು?'
'ಬೆಟ್ಟಸ್ವಾಮಿ, ಮೇಡಂ. ಮಳವಳ್ಳಿ.'
ನಲವತ್ತು ದಿನ.

'ಬರೆಯುವ ಮುಂಚೆ ನಾನು ಕೇಳಬೇಕಿತ್ತು' ಅಂದೆ,
ಬಾಗಿಲವರೆಗೂ ಕೇಳುವಷ್ಟು.
ಹದಿನೆಂಟನೆಯದಕ್ಕೆ ಅವನನ್ನೇ ಮುಂದೆ ಬಿಟ್ಟೆ.
ನಡೆದ, ಎರಡು ಸಲ ಹಿಂತಿರುಗಿ ನೋಡುತ್ತ.

ಕೆಂಪಮ್ಮ ಮಾತ್ರ ಸೆರಗು ಬಾಯಿಗಿಟ್ಟು
ಅವನ ಬೆನ್ನನ್ನೇ ದುರುಗುಟ್ಟುತ್ತಿದ್ದಳು:
'ಯೋಳ್ಬ್ಯಾಡ ಅಂದಿರ್ನಿಲ್ವಾ ನಾನು!'