ಪಂಪಿನ ಬುಡ

ರಿಪ್ಪನ್‌ಪೇಟೆಯ ಸರ್ಕಲ್ಲಿನಲ್ಲಿ
ದಸ್ತಗೀರ್ ಸಾಬರ ಪಂಕ್ಚರ್ ಅಂಗಡಿ.
ನನ್ನ ಸೈಕಲ್ಲಿಗೆ ಐವತ್ತು ಸಲ ಒತ್ತಿದರು,
ಸೊಂಟ ಹಿಡಿದು ನಿಂತು
"ಮುಟ್ಟಿ ನೋಡು" ಅಂದರು.

ಪಂಪಿನ ಬುಡ ಚುರ್ರೆಂದಿತು,
ಆಗಷ್ಟೇ ಇಳಿಸಿದ ಚಾ ಪಾತ್ರೆಯ ಹಾಗೆ.
ಒಲೆ ಇಲ್ಲ, ಬಿಸಿಲಿಲ್ಲ.
ಬೆಳಗಿನ ಏಳು; ಮಂಜಿನಲ್ಲಿ
ಹೊಸನಗರದ ಬಸ್ಸಿನ್ನೂ ದೀಪ ಆರಿಸಿರಲಿಲ್ಲ.

ಶಾಲೆಯಲ್ಲಿ ಫಿಲೋಮಿನಾ ಟೀಚರ್ ಬರೆಸಿದ್ದರು:
ಶಕ್ತಿಯನ್ನು ಸೃಷ್ಟಿಸಲಾಗದು, ನಾಶ ಮಾಡಲಾಗದು.
ಕೆಳಗೆ ಎರಡು ಗೆರೆ.
ಎದ್ದು ನಿಂತು ಕೇಳಿದೆ:
ಹಾಗಾದರೆ ಆ ಬಿಸಿ ಎಲ್ಲಿಂದ ಬಂತು?

ಸೀಮೆಸುಣ್ಣ ಮುರಿದು ಅರ್ಧ ನನಗೆ ಕೊಟ್ಟರು.
ಹಿಂದೆ ಹಿಂದೆ ಬರೆಯುತ್ತ ಹೋದೆ:
ಪಂಪು, ಸಾಬರ ತೋಳು,
ಅವರು ತಿಂದ ಎರಡು ಅಕ್ಕಿರೊಟ್ಟಿ,
ಭತ್ತ, ಭತ್ತದ ಎಲೆ...
ಹಲಗೆ ಮುಗಿಯಿತು.
ಸೂರ್ಯನನ್ನು ಗೋಡೆಯ ಮೇಲೆ ಬರೆದೆ.
ಟೀಚರ್ ಬೈಯಲಿಲ್ಲ.

ಸಂಜೆ ಮತ್ತೆ ಮುಟ್ಟಿದೆ. ಪಂಪು ತಣ್ಣಗಿತ್ತು,
ಹಾವಿನ ಮೈಯ ಹಾಗೆ.
"ನಾಶ ಆಗಲ್ಲವಂತೆ ಸಾಬರೇ, ಮತ್ತೆಲ್ಲಿ ಹೋಯ್ತು?"

ಅವರು ಟ್ಯೂಬನ್ನು ಬೋಗುಣಿ ನೀರಿಗೆ ಅದ್ದಿ
ಗುಳ್ಳೆ ಹುಡುಕುತ್ತ ನಕ್ಕರು.
ಮೊಳೆಗೆ ತೂಗುಹಾಕಿದ್ದ ಉದ್ರಿ ಪುಸ್ತಕ ತೋರಿಸಿದರು:
"ಇದರಲ್ಲಿರೋ ದುಡ್ಡೂ ನಾಶ ಆಗಿಲ್ಲ ಮಗಾ.
ಇದೇ ಪೇಟೆಯಲ್ಲಿದೆ,
ಒಬ್ಬೊಬ್ಬರ ಜೇಬಲ್ಲಿ ನಾಲ್ಕಾಣೆ, ಎಂಟಾಣೆ.
ಒಟ್ಟು ಮಾಡಿ ವಾಪಸ್ ತರೋದು ಹೇಗೆ, ಹೇಳು."

ಮುಂದೆ ಕಾಲೇಜಿನಲ್ಲಿ ಅದಕ್ಕೊಂದು ಹೆಸರು ಕಲಿತೆ,
ಸೂತ್ರ ಕಲಿತೆ, ಒಂಬತ್ತು ಅಂಕ ಬಂತು.

ಆ ಬೆಳಗಿನ ಗಾಳಿಯ ಎಂಟಾಣೆ
ನಾನೂ ಕೊಟ್ಟಿರಲಿಲ್ಲ.